ಹೋದ ಹಲ್ಲಿನ ಜಾಗಕ್ಕೆ ಟೈಟೇನಿಯಂ ಬೇರು: ದಂತ ಇಂಪ್ಲಾಂಟ್ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

‘ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ’ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಹೋದ ಹಲ್ಲು ಹೋದಂತೆಯೇ ಲೆಕ್ಕ. ಹಾಲುಹಲ್ಲು ಬಿದ್ದರೆ ಅದರ ಜಾಗದಲ್ಲಿ ಇನ್ನೊಂದು ಮೂಡುತ್ತದೆ. ಶಾಶ್ವತ ಹಲ್ಲು ಬಿದ್ದರೆ ಪ್ರಕೃತಿ ಮತ್ತೊಂದನ್ನು ಕೊಡುವುದಿಲ್ಲ. ಆ ಖಾಲಿ ಜಾಗವನ್ನು ತುಂಬಲು ‘ಹಲ್ಲು ಕಟ್ಟಿಸಿಕೊಳ್ಳುವುದು’ ತಲೆಮಾರುಗಳಿಂದ ಬಂದ ದಾರಿ. ಇಂದು ನಗರಗಳ ದಂತ ಚಿಕಿತ್ಸಾಲಯಗಳ ಫಲಕಗಳಲ್ಲಿ ಅದರ ಜೊತೆಗೆ ‘ಇಂಪ್ಲಾಂಟ್’ ಎಂಬ ಪದವೂ ಎದ್ದು ಕಾಣುತ್ತದೆ. ದವಡೆಯ ಮೂಳೆಯೊಳಗೆ ಲೋಹದ ಪುಟ್ಟ ತಿರುಪನ್ನು ಕೂರಿಸಿ, ಅದು ಮೂಳೆಯೊಂದಿಗೆ ಬೆಸೆದುಕೊಂಡ ಬಳಿಕ ಅದರ ಮೇಲೆ ಕೃತಕ ಹಲ್ಲನ್ನು ನಿಲ್ಲಿಸುವ ಚಿಕಿತ್ಸೆಯೇ ದಂತ ಇಂಪ್ಲಾಂಟ್.

ಈ ಚಿಕಿತ್ಸೆಯನ್ನು ‘ಜೀವಮಾನದ ಪರಿಹಾರ’ ಎಂದು ಬಣ್ಣಿಸುವ ಜಾಹೀರಾತುಗಳಿಗೆ ಕೊರತೆಯಿಲ್ಲ. ಸರಿಯಾದ ರೋಗಿಗೆ, ಸರಿಯಾದ ಸಮಯದಲ್ಲಿ, ಸರಿಯಾದ ಜಾಗದಲ್ಲಿ ಕೂರಿಸಿದ ಇಂಪ್ಲಾಂಟ್ ದಶಕಗಳ ಕಾಲ ಬಾಳುವುದು ನಿಜ. ಆದರೆ ತಿರುಪು ಎಷ್ಟೇ ಉತ್ತಮವಾಗಿದ್ದರೂ ಅದರ ಆಯುಷ್ಯವನ್ನು ನಿರ್ಧರಿಸುವುದು ಅದನ್ನು ಹಿಡಿದಿರುವ ಮೂಳೆ ಮತ್ತು ಸುತ್ತುವರಿದಿರುವ ವಸಡು. ಸ್ವಂತ ಹಲ್ಲನ್ನು ಬಲಿ ತೆಗೆದುಕೊಂಡ ಕಾರಣ ಬಾಯಿಯಲ್ಲಿ ಹಾಗೆಯೇ ಉಳಿದಿದ್ದರೆ ಅದು ಹೊಸ ಹಲ್ಲನ್ನೂ ಬಿಡುವುದಿಲ್ಲ. ದೊಡ್ಡ ಮೊತ್ತವನ್ನು ವ್ಯಯಿಸುವ ಮುನ್ನ ಈ ಮಾತು ಪ್ರತಿಯೊಬ್ಬರಿಗೂ ಮನವರಿಕೆಯಾಗಿರಬೇಕು.

ಹಲ್ಲು ಹೋದ ಮೇಲೆ ಆಗುವುದೇನು?

ದವಡೆಯ ಅಂಚಿನಲ್ಲಿ ಬೇರುಗಳನ್ನು ಹಿಡಿದಿರುವ ಮೂಳೆ ಹಲ್ಲಿನ ಜೊತೆಗೇ ಬೆಳೆದು, ಹಲ್ಲಿನ ಜೊತೆಗೇ ಬಾಳುವಂಥದ್ದು. ಅಗಿಯುವಾಗ ಬೇರಿನ ಮೂಲಕ ಇಳಿಯುವ ಒತ್ತಡ ಅದನ್ನು ಗಟ್ಟಿಯಾಗಿ ಉಳಿಸುತ್ತದೆ. ಹಲ್ಲನ್ನು ಕಿತ್ತ ಬಳಿಕ ಆ ಒತ್ತಡ ನಿಂತು ಮೂಳೆ ಕರಗತೊಡಗುತ್ತದೆ. ಡೆನ್ಮಾರ್ಕ್‌ನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದವಡೆಹಲ್ಲು ಕಿತ್ತ ಜಾಗದ ಮೂಳೆ ಒಂದು ವರ್ಷದೊಳಗೆ ಸರಾಸರಿ ಅರ್ಧದಷ್ಟು ಅಗಲವನ್ನು ಕಳೆದುಕೊಂಡಿತ್ತು. ಆ ನಷ್ಟದ ಮೂರರಲ್ಲಿ ಎರಡು ಪಾಲು ಮೊದಲ 3 ತಿಂಗಳಲ್ಲೇ ಸಂಭವಿಸಿತ್ತು. ‘ನಿಧಾನವಾಗಿ ನೋಡೋಣ’ ಎಂದು ವರ್ಷಗಟ್ಟಲೆ ಮುಂದೂಡಿದವರಿಗೆ ಇಂಪ್ಲಾಂಟ್ ಕೂರಿಸಲು ಮೂಳೆಯೇ ಸಾಲದಾಗುವುದು ಈ ಕಾರಣದಿಂದ.

ಪಕ್ಕದ ಹಲ್ಲುಗಳೂ ಸುಮ್ಮನಿರುವುದಿಲ್ಲ. ಖಾಲಿ ಜಾಗದ ಕಡೆಗೆ ಅವು ವಾಲುತ್ತವೆ; ಎದುರು ದವಡೆಯ ಹಲ್ಲು ಕೆಳಗಿಳಿಯುತ್ತದೆ ಅಥವಾ ಮೇಲೇರುತ್ತದೆ. ಸಂದುಗಳಲ್ಲಿ ಆಹಾರ ಸಿಕ್ಕಿಕೊಂಡು ಹುಳುಕು ಮತ್ತು ವಸಡಿನ ರೋಗಕ್ಕೆ ದಾರಿಯಾಗುತ್ತದೆ. ಹಲವು ಹಲ್ಲುಗಳನ್ನು ಕಳೆದುಕೊಂಡವರು ಅರಿವಿಲ್ಲದೆಯೇ ಜೋಳದ ರೊಟ್ಟಿ, ಹಸಿ ತರಕಾರಿ, ಕಡಲೆಬೀಜಗಳನ್ನು ಬಿಟ್ಟು ನುಂಗಬಹುದಾದ ಮೆತ್ತಗಿನ ಊಟಕ್ಕೆ ಒಗ್ಗಿಕೊಳ್ಳುತ್ತಾರೆ.

ಹಾಗೆಂದು ಹೋದ ಪ್ರತಿಯೊಂದು ಹಲ್ಲನ್ನೂ ತುಂಬಲೇಬೇಕೆಂಬ ನಿಯಮವೇನೂ ಇಲ್ಲ. ಬುದ್ಧಿಹಲ್ಲು ಎಂದು ಕರೆಯಲಾಗುವ ಕೊನೆಯ ದವಡೆಹಲ್ಲು ಹೋದರೆ ಅದರ ಜಾಗವನ್ನು ಸಾಮಾನ್ಯವಾಗಿ ತುಂಬುವುದಿಲ್ಲ. ಮುಂದಿನ ಹಲ್ಲುಗಳೂ ಸಣ್ಣ ದವಡೆಹಲ್ಲುಗಳೂ ಗಟ್ಟಿಯಾಗಿದ್ದರೆ ಹಿಂದಿನ ಕೆಲವು ಹಲ್ಲುಗಳಿಲ್ಲದೆಯೂ ಅನೇಕರು ತೃಪ್ತಿಕರವಾಗಿ ಅಗಿಯಬಲ್ಲರು ಎಂಬುದನ್ನು ನೆದರ್ಲೆಂಡ್ಸ್‌ನ ದಂತ ವಿಜ್ಞಾನಿ ಕೈಸರ್ 1981ರಲ್ಲೇ ಪ್ರತಿಪಾದಿಸಿದ್ದರು. ಏನನ್ನೂ ಮಾಡದೆ ಬಿಡುವುದು ಕೂಡ ಕೆಲವೊಮ್ಮೆ ಗೌರವಾರ್ಹ ಆಯ್ಕೆಯೇ.

ಮೊಲದ ಮೂಳೆಯಿಂದ ಮನುಷ್ಯನ ದವಡೆಗೆ

ಹೋದ ಹಲ್ಲಿನ ಜಾಗದಲ್ಲಿ ಬೇರೊಂದು ವಸ್ತುವನ್ನು ನೆಡುವ ಹಂಬಲ ಬಹಳ ಹಳೆಯದು. 1931ರಲ್ಲಿ ಮಧ್ಯ ಅಮೆರಿಕದ ಹೊಂಡುರಾಸ್‌ನಲ್ಲಿ ದೊರೆತ ಪ್ರಾಚೀನ ದವಡೆಯ ತುಣುಕೊಂದರಲ್ಲಿ ಹಲ್ಲಿನ ಆಕಾರಕ್ಕೆ ಕೆತ್ತಿದ ಚಿಪ್ಪಿನ ಚೂರುಗಳನ್ನು ಕೂರಿಸಲಾಗಿತ್ತು. ಕ್ರಿ.ಶ. 600ರ ಸುಮಾರಿನದೆಂದು ಹೇಳಲಾಗುವ ಆ ದವಡೆಯನ್ನು 1970ರ ದಶಕದಲ್ಲಿ ಎಕ್ಸ್‌ರೇ ಮೂಲಕ ಪರೀಕ್ಷಿಸಿದಾಗ ಚಿಪ್ಪಿನ ಸುತ್ತ ಮೂಳೆ ಬೆಳೆದಿರುವುದು ಕಂಡುಬಂದಿತು. 1913ರಲ್ಲಿ ಅಮೆರಿಕದ ಗ್ರೀನ್‌ಫೀಲ್ಡ್ ಎಂಬ ದಂತವೈದ್ಯರು ಇರಿಡಿಯಂ ಮತ್ತು ಪ್ಲಾಟಿನಂ ತಂತಿಯ ಪುಟ್ಟ ಬುಟ್ಟಿಯನ್ನು ದವಡೆಯಲ್ಲಿ ಕೂರಿಸುವ ವಿಧಾನವನ್ನು ವಿವರಿಸಿದರು. ಮುಂದೆ ಬೇರೆ ಲೋಹಗಳಿಂದಲೂ ಪ್ರಯೋಗಗಳು ನಡೆದವು. ಬಹುತೇಕ ಪ್ರಯತ್ನಗಳಲ್ಲಿ ಲೋಹ ಮತ್ತು ಮೂಳೆಯ ನಡುವೆ ಮೆತ್ತನೆಯ ನಾರಿನ ಪದರ ಬೆಳೆದು, ಕಾಲಕ್ರಮೇಣ ಇಂಪ್ಲಾಂಟ್ ಅಲುಗಾಡತೊಡಗುತ್ತಿತ್ತು.

ತಿರುವು ದೊರೆತದ್ದು ಸ್ವೀಡನ್‌ನಲ್ಲಿ, ಅದೂ ಹಲ್ಲಿಗೆ ಸಂಬಂಧವಿಲ್ಲದ ಸಂಶೋಧನೆಯಿಂದ. 1952ರಲ್ಲಿ ಲುಂಡ್ ವಿಶ್ವವಿದ್ಯಾಲಯದ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಅವರು ಜೀವಂತ ಮೂಳೆಯಲ್ಲಿ ರಕ್ತಸಂಚಾರವನ್ನು ಗಮನಿಸಲು ಮೊಲದ ಕಾಲಿನ ಮೂಳೆಯಲ್ಲಿ ಟೈಟೇನಿಯಂ ಲೋಹದ ಕೋಶವೊಂದನ್ನು ಅಳವಡಿಸಿದ್ದರು. ಪ್ರಯೋಗ ಮುಗಿದ ಮೇಲೆ ಅದನ್ನು ಹೊರತೆಗೆಯಲು ಹೋದರೆ ಲೋಹ ಬರಲೊಲ್ಲದು. ಮೂಳೆ ಅದನ್ನು ತನ್ನದಾಗಿಸಿಕೊಂಡಿತ್ತು. ಈ ಬೆಸುಗೆಗೆ ಅವರು ಮುಂದೆ ‘ಆಸಿಯೊಇಂಟಿಗ್ರೇಶನ್’ ಎಂಬ ಹೆಸರನ್ನಿತ್ತರು.

1965ರಲ್ಲಿ ಗೋಥೆನ್‌ಬರ್ಗ್ ನಗರದಲ್ಲಿ ಯೋಸ್ಟಾ ಲಾರ್ಸನ್ ಎಂಬುವರ ಕೆಳದವಡೆಯಲ್ಲಿ ಟೈಟೇನಿಯಂ ತಿರುಪುಗಳನ್ನು ಕೂರಿಸಲಾಯಿತು. ಹುಟ್ಟಿನಿಂದಲೇ ಸೀಳಿದ ಅಂಗುಳು ಮತ್ತು ದವಡೆಯ ವಿಕೃತಿಯಿದ್ದ ಲಾರ್ಸನ್ ಅವರ ಕೆಳದವಡೆಯಲ್ಲಿ ಹಲ್ಲುಗಳಿರಲಿಲ್ಲ. 2006ರಲ್ಲಿ ನಿಧನರಾಗುವವರೆಗೆ, ಅಂದರೆ 40 ವರ್ಷಗಳ ಕಾಲ, ಆ ತಿರುಪುಗಳು ಕೆಲಸ ಮಾಡಿದವು. ಆದರೂ ವೈದ್ಯಲೋಕ ಬ್ರೋನೆಮಾರ್ಕ್ ಅವರನ್ನು ಸುಲಭವಾಗಿ ಒಪ್ಪಲಿಲ್ಲ. 10 ವರ್ಷಗಳ ಅನುಭವ 1977ರಲ್ಲಿಯೂ 15 ವರ್ಷಗಳ ಅನುಭವ 1981ರಲ್ಲಿಯೂ ಪ್ರಕಟವಾದವು. 1982ರಲ್ಲಿ ಕೆನಡಾದ ಟೊರಾಂಟೊದಲ್ಲಿ ನಡೆದ ಸಮ್ಮೇಳನದ ಬಳಿಕವೇ ವಿಧಾನಕ್ಕೆ ವ್ಯಾಪಕ ಮನ್ನಣೆ ದೊರೆಯಿತು. ಅದೇ ಕಾಲದಲ್ಲಿ ಸ್ವಿಟ್ಜರ್ಲೆಂಡ್‌ನ ಆಂದ್ರೆ ಶ್ರೋಡರ್ ಅವರ ತಂಡವೂ ಪ್ರತ್ಯೇಕವಾಗಿ ಇದೇ ದಾರಿಯಲ್ಲಿ ಸಾಗಿತ್ತು. ಬ್ರೋನೆಮಾರ್ಕ್ 2014ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಇಂಪ್ಲಾಂಟ್‌ನ ರಚನೆ

ಸಾಮಾನ್ಯವಾಗಿ ಇಂಪ್ಲಾಂಟ್ ಹಲ್ಲಿನಲ್ಲಿ 3 ಭಾಗಗಳಿರುತ್ತವೆ. ಮೂಳೆಯೊಳಗೆ ಇಳಿಯುವ ತಿರುಪು ಬೇರಿನ ಸ್ಥಾನದಲ್ಲಿರುತ್ತದೆ. ಅದರ ನೆತ್ತಿಗೆ ಜೋಡಿಸಿ ವಸಡಿನಿಂದ ಹೊರಬರುವ ಕೊಂಡಿಯನ್ನು ಅಬಟ್‌ಮೆಂಟ್ ಎನ್ನುತ್ತಾರೆ. ಕಣ್ಣಿಗೆ ಕಾಣುವ, ಅಗಿಯಲು ಬಳಕೆಯಾಗುವ ಭಾಗ ಕ್ರೌನ್ ಅಥವಾ ಜನರ ಮಾತಿನ ‘ಕ್ಯಾಪ್’. ತಿರುಪಿನ ವ್ಯಾಸ ಹೆಚ್ಚಾಗಿ 3ರಿಂದ 5 ಮಿಲಿಮೀಟರ್, ಉದ್ದ 8ರಿಂದ 13 ಮಿಲಿಮೀಟರ್ ಆಸುಪಾಸಿನಲ್ಲಿರುತ್ತದೆ.

ಗಾಳಿಗೆ ಒಡ್ಡಿದ ಕ್ಷಣದಲ್ಲೇ ಟೈಟೇನಿಯಂ ಮೇಲೆ ಆಕ್ಸೈಡಿನ ಅತಿ ತೆಳುವಾದ ಪೊರೆಯೊಂದು ಮೂಡುತ್ತದೆ. ತುಕ್ಕು ಹಿಡಿಯದಂತೆ ತಡೆಯುವ ಈ ಪೊರೆಯನ್ನು ದೇಹ ಪರಕೀಯವೆಂದು ಹೊರದಬ್ಬುವುದಿಲ್ಲ. ಮೂಳೆಯ ಜೀವಕೋಶಗಳು ಅದರ ಮೇಲೆ ನೆಲೆಯೂರುತ್ತವೆ. ಆರಂಭದ ತಿರುಪುಗಳ ಮೈ ನಯವಾಗಿತ್ತು. ಈಗಿನವುಗಳ ಮೇಲ್ಮೈಯನ್ನು ಮರಳಿನಂಥ ಕಣಗಳನ್ನು ಸಿಡಿಸಿ, ಆಮ್ಲದಿಂದ ಕೊರೆದು ಒರಟಾಗಿಸಲಾಗುತ್ತದೆ. ಮೂಳೆ ಇದಕ್ಕೆ ಬೇಗ ಅಂಟಿಕೊಳ್ಳುತ್ತದೆ. ಲೋಹ ಬೇಡವೆನ್ನುವವರಿಗೆ ಜಿರ್ಕೋನಿಯಾ ಎಂಬ ಬಿಳಿಯ ಪಿಂಗಾಣಿ ವಸ್ತುವಿನ ಇಂಪ್ಲಾಂಟ್‌ಗಳೂ ಇವೆ. ಆದರೆ ದೀರ್ಘಕಾಲದ ಅನುಭವ ಟೈಟೇನಿಯಂ ಪಾಲಿಗೇ ಹೆಚ್ಚು. ಟೈಟೇನಿಯಂ ಅಯಸ್ಕಾಂತಕ್ಕೆ ಅಂಟುವ ಲೋಹವಲ್ಲವಾದ್ದರಿಂದ ಎಂಆರ್‌ಐ ಪರೀಕ್ಷೆಗೆ ಸಾಮಾನ್ಯವಾಗಿ ಅಡ್ಡಿಯಾಗದು. ಆದರೂ ಪರೀಕ್ಷೆಗೆ ಮೊದಲು ಅದರ ಬಗ್ಗೆ ತಿಳಿಸುವುದು ಅಗತ್ಯ.

ನಿಜವಾದ ಹಲ್ಲಿಗೂ ಇಂಪ್ಲಾಂಟ್‌ಗೂ ಮುಖ್ಯ ಭೇದವೊಂದಿದೆ. ಹಲ್ಲಿನ ಬೇರು ಮತ್ತು ಮೂಳೆಯ ನಡುವೆ ನಾರುಗಳ ತೆಳುವಾದ ಮೆತ್ತೆಯಿದೆ. ಊಟದಲ್ಲಿ ಕಲ್ಲು ಸಿಕ್ಕಿದರೆ ತಟ್ಟನೆ ಬಾಯಿ ಬಿಡಿಸುವ ಎಚ್ಚರಿಕೆ ಬರುವುದು ಮುಖ್ಯವಾಗಿ ಅಲ್ಲಿಂದ. ಇಂಪ್ಲಾಂಟ್‌ಗೆ ಆ ಮೆತ್ತೆಯೂ ಇಲ್ಲ, ಆ ಸೂಕ್ಷ್ಮ ಸಂವೇದನೆಯೂ ಇಲ್ಲ. ಹಲ್ಲಿನ ಸುತ್ತ ವಸಡಿನ ನಾರುಗಳು ಬೇರಿನೊಳಗೆ ನಾಟಿಕೊಂಡು ಸೋಂಕಿಗೆ ಬೇಲಿಯಾಗುತ್ತವೆ. ಇಂಪ್ಲಾಂಟ್ ಸುತ್ತ ಅವು ಕೇವಲ ಮಗ್ಗುಲಲ್ಲಿ ಹಾದುಹೋಗುತ್ತವೆ. ಹೀಗಾಗಿ ಸೋಂಕು ತಗುಲಿದರೆ ಆಳಕ್ಕೆ ಇಳಿಯುವುದು ಸುಲಭ.

ಉಳಿದ ದಾರಿಗಳು

ಇಂಪ್ಲಾಂಟ್ ಒಂದೇ ದಾರಿಯಲ್ಲ. ಒಂದೆರಡು ಹಲ್ಲು ಹೋದಾಗ ಅಕ್ಕಪಕ್ಕದ ಹಲ್ಲುಗಳನ್ನು ಅರೆದು, ಅವುಗಳ ಆಧಾರದ ಮೇಲೆ ಬ್ರಿಡ್ಜ್ ಕೂರಿಸಬಹುದು. ಕೆಲವೇ ವಾರಗಳಲ್ಲಿ ಮುಗಿಯುವ ಈ ಚಿಕಿತ್ಸೆಗೆ ಮೂಳೆಯ ಶಸ್ತ್ರಕ್ರಿಯೆ ಬೇಕಿಲ್ಲ. ಪಕ್ಕದ ಹಲ್ಲುಗಳಿಗೆ ಹೇಗಿದ್ದರೂ ಕ್ಯಾಪ್ ಬೇಕಾಗಿದ್ದಲ್ಲಿ ಇದೇ ವಿವೇಕದ ಆಯ್ಕೆಯಾದೀತು. ಆದರೆ ಹುಳುಕಿಲ್ಲದ ಆರೋಗ್ಯವಂತ ಹಲ್ಲುಗಳನ್ನು ಅರೆಯಬೇಕಾಗಿ ಬಂದಾಗ ನಷ್ಟ ದೊಡ್ಡದು. ಖಾಲಿ ಜಾಗದ ಮೂಳೆ ಕರಗುವುದನ್ನೂ ಬ್ರಿಡ್ಜ್ ತಡೆಯದು.

ತೆಗೆದು ಹಾಕಬಹುದಾದ ಹಲ್ಲಿನ ಸೆಟ್ ಎಲ್ಲಕ್ಕಿಂತ ಅಗ್ಗ. ಮೇಲ್ದವಡೆಯ ಸೆಟ್ ಅಂಗುಳಿನ ಹಿಡಿತದಿಂದ ತಕ್ಕಮಟ್ಟಿಗೆ ನಿಲ್ಲುತ್ತದೆ. ಕೆಳದವಡೆಯ ಸೆಟ್ ನಾಲಿಗೆಯ ಚಲನೆಗೆ ಎದ್ದೇಳುವುದು ಅನೇಕ ಹಿರಿಯರ ನಿತ್ಯದ ಗೋಳು. ಆದರೂ ಶಸ್ತ್ರಕ್ರಿಯೆ ತಾಳಲಾರದವರಿಗೆ, ಖರ್ಚು ಭರಿಸಲಾಗದವರಿಗೆ ಇದು ಇಂದಿಗೂ ಆಸರೆ. ಬಡತನ ರೇಖೆಗಿಂತ ಕೆಳಗಿರುವ ಹಿರಿಯ ನಾಗರಿಕರಿಗೆ ಕರ್ನಾಟಕ ಸರ್ಕಾರವು 2014-15ರಲ್ಲಿ ಆರಂಭಿಸಿದ ‘ದಂತ ಭಾಗ್ಯ’ ಯೋಜನೆಯಡಿ ಉಚಿತವಾಗಿ ನೀಡಲಾದದ್ದೂ ಇಂಥ ಸೆಟ್‌ಗಳನ್ನೇ.

ಯಾರಿಗೆ ಸೂಕ್ತ, ಯಾರಿಗೆ ಎಚ್ಚರ?

ವಯಸ್ಸು ಹೆಚ್ಚಾಯಿತೆಂಬುದೇ ಇಂಪ್ಲಾಂಟ್‌ಗೆ ಅಡ್ಡಿಯಲ್ಲ. ಆರೋಗ್ಯವಂತರಾದ ಎಪ್ಪತ್ತು ದಾಟಿದವರಿಗೂ ಇದನ್ನು ಕೂರಿಸಬಹುದು. ಅಡ್ಡಿಯಿರುವುದು ಎಳೆಯ ವಯಸ್ಸಿನವರಿಗೆ. ಇಂಪ್ಲಾಂಟ್ ಮೂಳೆಗೆ ಬೆಸೆದುಕೊಂಡಿರುವುದರಿಂದ ದವಡೆ ಬೆಳೆದಂತೆ ಅದು ಜಾಗ ಬದಲಿಸುವುದಿಲ್ಲ. ಪಕ್ಕದ ಹಲ್ಲುಗಳು ಬೆಳವಣಿಗೆಯೊಂದಿಗೆ ಇಳಿದಾಗ ಅದು ಮಾತ್ರ ಮೇಲೆಯೇ ಉಳಿದು ಗಿಡ್ಡವಾಗಿ ಕಾಣುತ್ತದೆ. ಹೀಗಾಗಿ ದವಡೆಯ ಬೆಳವಣಿಗೆ ಪೂರ್ಣವಾಗುವವರೆಗೆ, ಸಾಮಾನ್ಯವಾಗಿ 18 ವರ್ಷ ಅಥವಾ ಅದರಾಚೆಯವರೆಗೆ, ಕಾಯುವುದು ವಾಡಿಕೆ.

ಮಧುಮೇಹಿಗಳು ಇಂಪ್ಲಾಂಟ್ ಹಾಕಿಸಿಕೊಳ್ಳಬಾರದೆಂಬ ನಂಬಿಕೆ ಸರಿಯಲ್ಲ. ರಕ್ತದ ಸಕ್ಕರೆ ಹತೋಟಿಯಲ್ಲಿರುವವರಲ್ಲಿ ಫಲಿತಾಂಶ ಉತ್ತಮವಾಗಿಯೇ ಇರುತ್ತದೆ. ಹತೋಟಿ ತಪ್ಪಿದ್ದರೆ ಗಾಯ ಮಾಯುವುದು ತಡವಾಗಿ ಸೋಂಕಿನ ಸಂಭವ ಹೆಚ್ಚುತ್ತದೆ. ಶಸ್ತ್ರಕ್ರಿಯೆಗೆ ಮೊದಲು ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಲು ಹೇಳುವುದು ಈ ಉದ್ದೇಶಕ್ಕಾಗಿಯೇ. ಆ ಒಂದು ದಿನದ ಸಕ್ಕರೆ ಪ್ರಮಾಣಕ್ಕಿಂತ ಹಿಂದಿನ ಎರಡು ಮೂರು ತಿಂಗಳ ಹತೋಟಿಯ ಚಿತ್ರ ಮುಖ್ಯ.

ಮೂಳೆ ಟೊಳ್ಳಾಗುವ ರೋಗಕ್ಕೆ ಅಥವಾ ಮೂಳೆಗೆ ಹರಡಿದ ಕ್ಯಾನ್ಸರ್‌ಗೆ ನೀಡುವ ಅಲೆಂಡ್ರೊನೇಟ್, ಜೊಲೆಡ್ರೊನಿಕ್ ಆಮ್ಲ, ಡೆನೊಸುಮ್ಯಾಬ್ ಮುಂತಾದ ಔಷಧಗಳನ್ನು ತೆಗೆದುಕೊಳ್ಳುವವರು ಅದನ್ನು ದಂತವೈದ್ಯರಿಗೆ ಹೇಳಲೇಬೇಕು. ಇವುಗಳನ್ನು ಪಡೆಯುತ್ತಿರುವ ಕೆಲವರಲ್ಲಿ ದವಡೆಯ ಶಸ್ತ್ರಕ್ರಿಯೆಯ ಬಳಿಕ ಮೂಳೆಯ ಭಾಗ ಸತ್ತು ಹೊರಗೆ ತೆರೆದುಕೊಳ್ಳುವ ತೊಂದರೆ 2003ರಿಂದ ವರದಿಯಾಗಿದೆ. ವಿಶೇಷವಾಗಿ ಕ್ಯಾನ್ಸರ್‌ಗಾಗಿ ರಕ್ತನಾಳದ ಮೂಲಕ ದೊಡ್ಡ ಪ್ರಮಾಣದಲ್ಲಿ ಪಡೆಯುವವರಿಗೆ ಅಪಾಯ ಹೆಚ್ಚು. ದವಡೆಯ ಭಾಗಕ್ಕೆ ವಿಕಿರಣ ಚಿಕಿತ್ಸೆ ಪಡೆದವರಿಗೂ ವಿಶೇಷ ಎಚ್ಚರಿಕೆ ಬೇಕು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಅದನ್ನು ತಾವಾಗಿಯೇ ನಿಲ್ಲಿಸಬಾರದು. ಹೃದ್ರೋಗ ವೈದ್ಯರೊಂದಿಗೆ ಸಮಾಲೋಚಿಸಿಯೇ ನಿರ್ಧಾರವಾಗಬೇಕು.

ಧೂಮಪಾನಿಗಳಲ್ಲಿ ಇಂಪ್ಲಾಂಟ್ ವಿಫಲವಾಗುವ ಸಂಭವ ಇತರರಿಗಿಂತ ಹೆಚ್ಚೆಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ಕರ್ನಾಟಕಕ್ಕೆ ಇನ್ನೊಂದು ಮಾತೂ ಅನ್ವಯಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅಡಿಕೆಯನ್ನು 2004ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಗುಟ್ಕಾ, ಅಡಿಕೆಗಳನ್ನು ನಿರಂತರವಾಗಿ ಜಗಿಯುವವರಲ್ಲಿ ಕೆನ್ನೆಯ ಒಳಪದರ ಬಿರುಸಾಗಿ, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಎರಡು ಬೆರಳೂ ಹೋಗದ ಬಾಯಿಯಲ್ಲಿ ಹಿಂದಿನ ಹಲ್ಲಿನ ಜಾಗಕ್ಕೆ ಕೊರೆಯುವ ಉಪಕರಣ ತಲುಪುವುದಾದರೂ ಹೇಗೆ? ಅಂಥವರು ಇಂಪ್ಲಾಂಟ್‌ಗಿಂತ ಮೊದಲು ಈ ರೋಗಕ್ಕೆ ಚಿಕಿತ್ಸೆ ಪಡೆಯಬೇಕು.

ಚಿಕಿತ್ಸೆಯ ಹಂತಗಳು

ಮೊದಲ ಹಂತ ಪರೀಕ್ಷೆ. ಉಳಿದ ಹಲ್ಲುಗಳ ಹುಳುಕು, ವಸಡಿನ ರೋಗ, ಹಲ್ಲು ಕಡಿಯುವ ಅಭ್ಯಾಸ ಇವೆಲ್ಲವನ್ನೂ ನೋಡಿ, ಇರುವ ರೋಗವನ್ನು ಮೊದಲು ಗುಣಪಡಿಸಬೇಕು. ಬಳಿಕ ಸಿಬಿಸಿಟಿ ಎಂಬ ಮೂರು ಆಯಾಮಗಳ ಸ್ಕ್ಯಾನ್ ಮೂಲಕ ಮೂಳೆಯ ಎತ್ತರ, ಅಗಲಗಳನ್ನು ಅಳೆಯಲಾಗುತ್ತದೆ. ಕೆಳದವಡೆಯೊಳಗೆ ಹಾದುಹೋಗುವ ನರದಿಂದ ಕನಿಷ್ಠ 2 ಮಿಲಿಮೀಟರ್, ಪಕ್ಕದ ಹಲ್ಲಿನಿಂದ 1.5 ಮಿಲಿಮೀಟರ್, ಎರಡು ಇಂಪ್ಲಾಂಟ್‌ಗಳ ನಡುವೆ 3 ಮಿಲಿಮೀಟರ್ ಅಂತರ ಕಾಯ್ದುಕೊಳ್ಳುವುದು ರೂಢಿ. ಈ ಅಂತರಗಳ ಲೆಕ್ಕ ತಪ್ಪಿದರೆ ತುಟಿ ಜೋಮು ಹಿಡಿದಂತಾಗುವುದರಿಂದ ಹಿಡಿದು ಮೂಳೆ ಸವೆಯುವವರೆಗೆ ತೊಂದರೆಗಳು ಎದುರಾಗುತ್ತವೆ.

ಎರಡನೆಯದು ಶಸ್ತ್ರಕ್ರಿಯೆ. ಆ ಜಾಗಕ್ಕೆ ಮಾತ್ರ ಅರಿವಳಿಕೆ ಚುಚ್ಚುಮದ್ದು ನೀಡಿ, ವಸಡನ್ನು ಬಿಡಿಸಿ, ಹಂತಹಂತವಾಗಿ ದಪ್ಪನಾಗುವ ಕೊರಕಗಳಿಂದ ಮೂಳೆಯಲ್ಲಿ ರಂಧ್ರ ಮಾಡಿ ತಿರುಪನ್ನು ಬಿಗಿಯಲಾಗುತ್ತದೆ. ಕೊರೆಯುವಾಗ ತಣ್ಣನೆಯ ಲವಣಜಲ ಸುರಿಯುತ್ತಲೇ ಇರುತ್ತದೆ. ಮೂಳೆ ಒಂದು ನಿಮಿಷ ಕಾಲ 47 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾದರೂ ಸಾಕು, ಅದರ ಜೀವಕೋಶಗಳಿಗೆ ಹಾನಿ ತಪ್ಪದು ಎಂಬುದನ್ನು ಗೋಥೆನ್‌ಬರ್ಗ್‌ನ ಸಂಶೋಧಕರು 1983ರಲ್ಲೇ ಮೊಲಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದರು. ಒಂದು ಹಲ್ಲು ಕಿತ್ತಷ್ಟೇ ನೋವು, ಬಾವು ಇದರಲ್ಲಿ ಇರುತ್ತದೆಂಬುದು ಬಹುತೇಕರ ಅನುಭವ.

ಮೂರನೆಯದು ಕಾಯುವಿಕೆ. ಮೊದಲ ದಿನ ತಿರುಪು ನಿಲ್ಲುವುದು ಬಿಗಿತದ ಬಲದಿಂದ ಮಾತ್ರ. ನಂತರ ಸುತ್ತಲಿನ ಹಳೆಯ ಮೂಳೆ ಕರಗಿ ಹೊಸದು ಮೂಡುತ್ತದೆ. ಈ ಅದಲು ಬದಲಿನಲ್ಲಿ ಸುಮಾರು ಮೂರನೇ ವಾರದ ಹೊತ್ತಿಗೆ ಹಿಡಿತ ಮೊದಲಿಗಿಂತ ಸಡಿಲವಾಗಿರುತ್ತದೆ. ನೋವು ಹೋಯಿತೆಂದು ಆ ಸಮಯದಲ್ಲಿ ಚಕ್ಕುಲಿ ಕಡಿಯಲು ಹೊರಟರೆ ಅಪಾಯ. ಮೂಳೆಯ ಗುಣವನ್ನು ಅವಲಂಬಿಸಿ 2ರಿಂದ 6 ತಿಂಗಳವರೆಗೆ ಕಾಯಬೇಕಾಗಬಹುದು. ಮೇಲ್ದವಡೆಯ ಮೂಳೆ ಮೆದುವಾದ್ದರಿಂದ ಅಲ್ಲಿ ಹೆಚ್ಚು ಕಾಲ ಬೇಕು. ಕೊನೆಯ ಹಂತದಲ್ಲಿ ಅಳತೆ ತೆಗೆದು ಅಬಟ್‌ಮೆಂಟ್ ಮತ್ತು ಕ್ಯಾಪ್ ಕೂರಿಸಲಾಗುತ್ತದೆ.

‘ಒಂದೇ ದಿನದಲ್ಲಿ ಹಲ್ಲು’ ಎಂಬ ಜಾಹೀರಾತಿನ ಹಿಂದೆಯೂ ಇದೇ ಲೆಕ್ಕಾಚಾರವಿದೆ. ತಿರುಪು ಸಾಕಷ್ಟು ಬಿಗಿಯಾಗಿ ಕುಳಿತಿದ್ದರೆ ಅಂದೇ ತಾತ್ಕಾಲಿಕ ಹಲ್ಲು ಜೋಡಿಸಲು ಸಾಧ್ಯ. ಆದರೆ ಅದು ಎಲ್ಲರಿಗೂ ಒಗ್ಗುವಂಥದ್ದಲ್ಲ. ಮೂಳೆ ಬೆಸೆಯಲು ಬೇಕಾದ ಕಾಲವನ್ನೂ ಅದು ಕಡಿಮೆ ಮಾಡುವುದಿಲ್ಲ.

ಮೂಳೆ ಸಾಲದಿದ್ದರೆ

ಮೂಳೆ ಕರಗಿ ತೆಳುವಾಗಿದ್ದಲ್ಲಿ ಮೂಳೆ ಕಸಿ ಮಾಡಿ ಜಾಗ ಸಿದ್ಧಪಡಿಸಬೇಕಾಗುತ್ತದೆ. ಮೇಲ್ದವಡೆಯ ಹಿಂಭಾಗದಲ್ಲಿ ಕೆನ್ನೆಯ ಗಾಳಿಗೂಡು, ಅಂದರೆ ಸೈನಸ್, ಕೆಳಗಿಳಿದಿರುತ್ತದೆ. ಅದರ ತಳದ ಪೊರೆಯನ್ನು ಮೆಲ್ಲನೆ ಮೇಲೆತ್ತಿ ಕೆಳಗೆ ಮೂಳೆಯ ಪುಡಿ ತುಂಬುವ ಶಸ್ತ್ರಕ್ರಿಯೆಯೂ ರೂಢಿಯಲ್ಲಿದೆ. ಇಂಥ ಸಂದರ್ಭಗಳಲ್ಲಿ ಚಿಕಿತ್ಸೆಯ ಅವಧಿ ಹಲವು ತಿಂಗಳು ಹೆಚ್ಚುತ್ತದೆ, ಖರ್ಚೂ ಏರುತ್ತದೆ.

ಕಸಿಗೆ ಬಳಸುವ ವಸ್ತು ಯಾವುದೆಂದು ಕೇಳಿ ತಿಳಿಯುವುದು ರೋಗಿಯ ಹಕ್ಕು. ರೋಗಿಯದೇ ಮೂಳೆ, ದಾನಿಗಳಿಂದ ಪಡೆದು ಸಂಸ್ಕರಿಸಿದ ಮಾನವ ಮೂಳೆ, ದನದ ಮೂಳೆಯಿಂದ ತಯಾರಿಸಿದ ಪುಡಿ, ಸಂಪೂರ್ಣ ಕೃತಕ ಕ್ಯಾಲ್ಸಿಯಂ ಪದಾರ್ಥ ಹೀಗೆ ಹಲವು ಬಗೆಗಳಿವೆ. ಅದರ ಮೇಲೆ ಹೊದಿಸುವ ಪೊರೆ ಹಂದಿ ಅಥವಾ ದನದ ಮೂಲದ್ದಾಗಿರಬಹುದು. ಆಹಾರ ಮತ್ತು ಧರ್ಮದ ನಿಷ್ಠೆಯುಳ್ಳವರಿಗೆ ಇದು ಸಣ್ಣ ಸಂಗತಿಯಲ್ಲ. ಮೊದಲೇ ಹೇಳಿದರೆ ಕೃತಕ ಪದಾರ್ಥವನ್ನು ಬಳಸುವ ಬಗ್ಗೆ ಪರಿಶೀಲಿಸಲು ಅವಕಾಶವಿರುತ್ತದೆ.

ಎಲ್ಲ ಹಲ್ಲೂ ಹೋದವರಿಗೆ

ಬಾಯಿ ತುಂಬ ಹಲ್ಲಿಲ್ಲದವರಿಗೆ ಒಂದೊಂದು ಹಲ್ಲಿಗೂ ಒಂದೊಂದು ಇಂಪ್ಲಾಂಟ್ ಬೇಕೆಂಬುದು ತಪ್ಪು ಕಲ್ಪನೆ. ಕೆಳದವಡೆಯ ಮುಂಭಾಗದಲ್ಲಿ ಕೇವಲ 2 ಇಂಪ್ಲಾಂಟ್ ಕೂರಿಸಿ, ಅವುಗಳಿಗೆ ಗುಂಡಿಯಂತೆ ಕಚ್ಚಿಕೊಳ್ಳುವ ಸೆಟ್ ತಯಾರಿಸಬಹುದು. ಹಲ್ಲಿಲ್ಲದ ಕೆಳದವಡೆಗೆ ಮೊದಲ ಆಯ್ಕೆಯಾಗಿ ಇದನ್ನೇ ನೀಡಬೇಕೆಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಸೇರಿದ್ದ ತಜ್ಞರು ಒಮ್ಮತಕ್ಕೆ ಬಂದಿದ್ದರು. ಎದ್ದೇಳುವ ಸೆಟ್‌ನಿಂದ ಬೇಸತ್ತ ಹಿರಿಯರಿಗೆ ಮಿತವಾದ ಖರ್ಚಿನಲ್ಲಿ ದೊಡ್ಡ ನೆಮ್ಮದಿ ತರುವ ದಾರಿಯಿದು.

ತೆಗೆಯಲಾಗದ ಹಲ್ಲಿನ ಸಾಲೇ ಬೇಕೆನ್ನುವವರಿಗೆ ಪೋರ್ಚುಗಲ್‌ನ ಪಾಲೊ ಮಾಲೊ 1990ರ ದಶಕದಲ್ಲಿ ರೂಪಿಸಿದ ‘ಆಲ್-ಆನ್-4’ ವಿಧಾನವಿದೆ. ಮುಂದೆ 2 ನೇರವಾಗಿ, ಹಿಂದೆ 2 ಓರೆಯಾಗಿ ಕೂರಿಸಿದ 4 ಇಂಪ್ಲಾಂಟ್‌ಗಳು ಒಂದು ದವಡೆಯ ಇಡೀ ಸಾಲನ್ನು ಹೊರುತ್ತವೆ. ಹಿಂದಿನವುಗಳನ್ನು ಓರೆಯಾಗಿಸುವುದರಿಂದ ಸೈನಸ್ ಮತ್ತು ನರವನ್ನು ತಪ್ಪಿಸಬಹುದು. ಅನೇಕ ಸಂದರ್ಭಗಳಲ್ಲಿ ಮೂಳೆ ಕಸಿಯೂ ತಪ್ಪುತ್ತದೆ. ಆದರೆ ಉಳಿಸಿಕೊಳ್ಳಬಹುದಾದ ಹಲ್ಲುಗಳನ್ನು ಕಿತ್ತು ಇದನ್ನು ಕೂರಿಸಲು ಸಲಹೆ ಬಂದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಕ್ಷೇಮ.

ಏನು ತಪ್ಪಬಹುದು?

ದೀರ್ಘಾವಧಿಯ ಅಧ್ಯಯನಗಳಲ್ಲಿ 10 ವರ್ಷಗಳ ನಂತರವೂ ನೂರಕ್ಕೆ 90ಕ್ಕಿಂತ ಹೆಚ್ಚು ಇಂಪ್ಲಾಂಟ್‌ಗಳು ಬಾಯಿಯಲ್ಲಿ ಉಳಿದಿರುವುದು ಕಂಡುಬಂದಿದೆ. ಆದರೆ ಉಳಿದಿರುವುದು ಬೇರೆ, ಆರೋಗ್ಯವಾಗಿರುವುದು ಬೇರೆ. ಆರಂಭದಲ್ಲೇ ಮೂಳೆ ಬೆಸೆಯದೆ ತಿರುಪು ಸಡಿಲವಾಗುವುದು ಒಂದು ಬಗೆಯ ವೈಫಲ್ಯ. ಅದನ್ನು ತೆಗೆದು, ಮೂಳೆ ಮಾಯ್ದ ಬಳಿಕ ಮತ್ತೆ ಪ್ರಯತ್ನಿಸಬಹುದು. ಕ್ಯಾಪ್ ಚೂರಾಗುವುದು, ಒಳಗಿನ ಸಣ್ಣ ಸ್ಕ್ರೂ ಸಡಿಲವಾಗುವುದು ದುರಸ್ತಿ ಮಾಡಬಹುದಾದ ತೊಂದರೆಗಳು.

ನಿಜವಾದ ಶತ್ರು ‘ಪೆರಿ-ಇಂಪ್ಲಾಂಟೈಟಿಸ್’. ಹಲ್ಲಿನ ಬುಡದಲ್ಲಿ ಲೋಳೆ ಮತ್ತು ಕಿಟ್ಟ ಕಟ್ಟಿ ಮೊದಲು ವಸಡು ಕೆಂಪಾಗುತ್ತದೆ, ಮುಟ್ಟಿದರೆ ರಕ್ತ ಬರುತ್ತದೆ. ಈ ಹಂತದಲ್ಲಿ ಸ್ವಚ್ಛಗೊಳಿಸಿದರೆ ಸರಿಹೋಗುತ್ತದೆ. ಕಡೆಗಣಿಸಿದರೆ ಸೋಂಕು ಇಳಿದು ಮೂಳೆಯನ್ನು ಕರಗಿಸುತ್ತದೆ. ಬಹಳ ಕಾಲ ನೋವೇ ಇರುವುದಿಲ್ಲವಾದ್ದರಿಂದ ರೋಗಿಗೆ ಗೊತ್ತಾಗುವಷ್ಟರಲ್ಲಿ ಹಾನಿ ಮುಂದುವರಿದಿರುತ್ತದೆ. ವಸಡಿನ ರೋಗದಿಂದ ಹಲ್ಲು ಕಳೆದುಕೊಂಡವರು, ಧೂಮಪಾನಿಗಳು, ತಪಾಸಣೆಗೆ ಬಾರದವರು ಇದಕ್ಕೆ ಹೆಚ್ಚಾಗಿ ತುತ್ತಾಗುತ್ತಾರೆ. ಹೋದ ಮೂಳೆಯನ್ನು ಪೂರ್ಣವಾಗಿ ಮರಳಿ ಪಡೆಯುವುದು ಕಷ್ಟ.

ಆದ್ದರಿಂದ ದಿನಕ್ಕೆರಡು ಬಾರಿ ಮೆತ್ತನೆಯ ಬ್ರಷ್‌ನಿಂದ ಉಜ್ಜುವುದು, ಸಂದುಗಳನ್ನು ಪುಟ್ಟ ಬ್ರಷ್ ಅಥವಾ ದಾರದಿಂದ ಶುಚಿಗೊಳಿಸುವುದು, ವೈದ್ಯರು ಸೂಚಿಸಿದಂತೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ತಪಾಸಣೆ ಮಾಡಿಸುವುದು ಚಿಕಿತ್ಸೆಯ ಭಾಗವೇ ಆಗಿದೆ. ಲೋಹಕ್ಕೆ ಹುಳುಕು ಹಿಡಿಯದೆಂಬುದು ನಿಜ. ವಸಡಿಗೆ ಆ ರಕ್ಷಣೆಯಿಲ್ಲ. ಹಾಸಿಗೆ ಹಿಡಿದ ಹಿರಿಯರ ಬಾಯಿಯಲ್ಲಿ ಇಂಪ್ಲಾಂಟ್ ಇದ್ದರೆ ಅದರ ಶುಚಿತ್ವದ ಹೊಣೆಯನ್ನು ಆರೈಕೆ ಮಾಡುವವರು ಹೊರಬೇಕು.

ಹಣ ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಇಂಪ್ಲಾಂಟ್ ದರ ಊರಿಂದೂರಿಗೆ, ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಜಾಹೀರಾತಿನ ದರ ಕೆಲವೊಮ್ಮೆ ತಿರುಪಿನದು ಮಾತ್ರವಾಗಿದ್ದು, ಸ್ಕ್ಯಾನ್, ಮೂಳೆ ಕಸಿ, ಅಬಟ್‌ಮೆಂಟ್, ಕ್ಯಾಪ್‌ಗಳ ಖರ್ಚು ಬೇರೆಯೇ ಇರಬಹುದು. ಆರೋಗ್ಯ ವಿಮೆಗಳು ಸಾಮಾನ್ಯವಾಗಿ ದಂತ ಚಿಕಿತ್ಸೆಯನ್ನು, ಅಪಘಾತದಂಥ ಸಂದರ್ಭಗಳ ಹೊರತು, ಭರಿಸುವುದಿಲ್ಲ. ಹೀಗಾಗಿ ಒಟ್ಟು ಖರ್ಚಿನ ಲಿಖಿತ ಅಂದಾಜನ್ನು ಮೊದಲೇ ಪಡೆಯಬೇಕು.

ಕೆಳಗಿನ ಪ್ರಶ್ನೆಗಳಿಗೆ ಸಂಕೋಚವಿಲ್ಲದೆ ಉತ್ತರ ಕೇಳಬಹುದು. ಈ ಹಲ್ಲನ್ನು ರೂಟ್ ಕೆನಾಲ್ ಅಥವಾ ವಸಡಿನ ಚಿಕಿತ್ಸೆಯಿಂದ ಉಳಿಸಲು ಸಾಧ್ಯವಿಲ್ಲವೇ? ಬ್ರಿಡ್ಜ್ ಅಥವಾ ಸೆಟ್ ಏಕೆ ಬೇಡ? ಶಸ್ತ್ರಕ್ರಿಯೆ ಮಾಡುವವರು ಯಾರು, ಅವರ ನೋಂದಣಿ ಮತ್ತು ತರಬೇತಿ ಏನು? ತಿರುಪು ವಿಫಲವಾದರೆ ಮರುಚಿಕಿತ್ಸೆಯ ಖರ್ಚು ಯಾರದು? ತಿರುಪಿನ ಕಂಪನಿ, ಅಳತೆ, ಲಾಟ್ ಸಂಖ್ಯೆಗಳನ್ನು ನಮೂದಿಸಿದ ಕಾರ್ಡ್ ಕೊಡುವಿರಾ?

ಕೊನೆಯ ಪ್ರಶ್ನೆ ಮೇಲ್ನೋಟಕ್ಕೆ ಸಣ್ಣದೆನಿಸಿದರೂ ಮಹತ್ವದ್ದು. ಒಂದು ಕಂಪನಿಯ ಬಿಡಿಭಾಗ ಇನ್ನೊಂದಕ್ಕೆ ಹೊಂದುವುದು ಅಪರೂಪ. ರಜೆಯಲ್ಲಿ ಊರಿಗೆ ಬಂದು ತಿರುಪು ಹಾಕಿಸಿಕೊಂಡು ಹೋಗುವ ಅನಿವಾಸಿ ಕನ್ನಡಿಗರಿಗಂತೂ ಈ ಕಾರ್ಡ್ ಇಲ್ಲದಿದ್ದರೆ ಅಲ್ಲಿನ ವೈದ್ಯರು ಸಡಿಲವಾದ ಸ್ಕ್ರೂ ಬಿಗಿಯಲೂ ಪರದಾಡಬೇಕಾದೀತು. ಭಾರತದಲ್ಲಿ ವೈದ್ಯಕೀಯ ಸಾಧನಗಳಿಗೆ 2017ರ ನಿಯಮಾವಳಿ ಜಾರಿಯಲ್ಲಿದ್ದು, 2020ರ ಏಪ್ರಿಲ್‌ನಿಂದ ಎಲ್ಲ ಸಾಧನಗಳನ್ನೂ ಅದರ ವ್ಯಾಪ್ತಿಗೆ ತರಲಾಗಿದೆ. ಮೂಲ ಸ್ಪಷ್ಟವಿಲ್ಲದ ಸಾಧನವನ್ನು ನಿರಾಕರಿಸುವ ಹಕ್ಕು ರೋಗಿಗಿದೆ.

ಉಳಿಸಿಕೊಂಡ ಹಲ್ಲೇ ಮೇಲು

ಇಂಪ್ಲಾಂಟ್‌ಗಳ ಯಶಸ್ಸಿನಿಂದಾಗಿ ಹಲ್ಲು ಕೀಳಿಸುವ ನಿರ್ಧಾರ ಹಗುರವಾಗಬಾರದು. ಅಪಘಾತದಲ್ಲೋ ಆಟದ ಮೈದಾನದಲ್ಲೋ ಶಾಶ್ವತ ಹಲ್ಲು ಇಡಿಯಾಗಿ ಕಿತ್ತುಬಂದರೆ, ಬೇರನ್ನು ಮುಟ್ಟದೆ ಮೇಲ್ಭಾಗವನ್ನು ಹಿಡಿದು, ಕೊಳೆಯಿದ್ದರೆ ಮೆಲ್ಲನೆ ತೊಳೆದು, ಕುಳಿಯಲ್ಲಿ ಮತ್ತೆ ಕೂರಿಸಬೇಕು. ಅದು ಆಗದಿದ್ದರೆ ಹಾಲಿನಲ್ಲಿ ಹಾಕಿಕೊಂಡು ಕೂಡಲೇ ದಂತವೈದ್ಯರಲ್ಲಿಗೆ ಧಾವಿಸಬೇಕು. ಒಂದು ಗಂಟೆಯೊಳಗೆ ಮರಳಿ ಕೂರಿಸಿದರೆ ಉಳಿಯುವ ಸಂಭವ ಹೆಚ್ಚು. ಹಾಲುಹಲ್ಲನ್ನು ಮಾತ್ರ ಹೀಗೆ ಮರಳಿ ಕೂರಿಸಬಾರದು.

ಹುಳುಕನ್ನು ಆರಂಭದಲ್ಲೇ ತುಂಬಿಸಿದರೆ ರೂಟ್ ಕೆನಾಲ್ ತಪ್ಪುತ್ತದೆ. ರೂಟ್ ಕೆನಾಲನ್ನು ಸಕಾಲದಲ್ಲಿ ಮಾಡಿಸಿದರೆ ಹಲ್ಲು ಕೀಳಿಸುವುದು ತಪ್ಪುತ್ತದೆ. ಇಷ್ಟಾಗಿಯೂ ಹಲ್ಲು ಹೋದರೆ ಕಾಲಹರಣ ಮಾಡದೆ, ಅವಸರವನ್ನೂ ಪಡದೆ, ಮೂಳೆ ಉಳಿದಿರುವಾಗಲೇ ಪರೀಕ್ಷೆ ಮಾಡಿಸಿ ತಮಗೆ ಹೊಂದುವ ದಾರಿಯನ್ನು ಆರಿಸಿಕೊಳ್ಳುವುದು ಜಾಣತನ. ಆ ದಾರಿ ಇಂಪ್ಲಾಂಟ್ ಆಗಿದ್ದಲ್ಲಿ, ಹೊಸ ಹಲ್ಲನ್ನು ಹಳೆಯದಕ್ಕಿಂತ ಹೆಚ್ಚಿನ ಕಾಳಜಿಯಿಂದ ನೋಡಿಕೊಳ್ಳುವ ಸಂಕಲ್ಪವೂ ಜೊತೆಗಿರಬೇಕು.